ಹೊಳೆ ಎಲ್ಲಿಗೆ ಬಂತು?

ವಾಡಿಕೆಯಂತೆ ಈ ಸ್ಮರಣ ಸಂಚಿಕೆಯ ಮೊದಲ ಪುಟಗಳೆಲ್ಲ ಶುಭಾಶಯ ಸಂದೇಶಗಳಿಗೆ ಹೋಗಬೇಕಿತ್ತು. ಕಾರ್ಯಕಾರಿ ಸಮಿತಿಯಲ್ಲಿ ಒಂದಿಷ್ಟು ಜೋರಾಗಿಯೇ ವಾದ ನಡೆದು ಅವನ್ನು ಎರಡು ಪುಟಕ್ಕೆ ಇಳಿಸಿದ್ದೇವೆ. ಗಣ್ಯರು ಬೇಸರ ಮಾಡಿಕೊಳ್ಳಬಾರದು. ಭಾವಚಿತ್ರ ಸ್ವಲ್ಪ ಚಿಕ್ಕದಾಗಿದೆ, ಅಷ್ಟೆ. ಉಳಿಸಿದ ಜಾಗದಲ್ಲಿ ಟೋಕಿಯೊಗೆ ಹೊಸದಾಗಿ ಬರುವ ನಮ್ಮವರಿಗೆ ದಿನಬಳಕೆಗೆ ಬೇಕಾದ ಮಾಹಿತಿ ಹಾಕಿದ್ದೇವೆ. ಸಂಘವೆಂದರೆ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್, ಯುಗಾದಿಗೆ ಒಬ್ಬಟ್ಟು ಎಂದುಕೊಂಡವರಿಗೆ ಇದು ಸಪ್ಪೆ ಎನ್ನಿಸಬಹುದು.

ನಮ್ಮ ಸದಸ್ಯರ ಪಟ್ಟಿಯಲ್ಲಿ ಈಚೆಗೆ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯವರು ಎದ್ದು ಕಾಣುತ್ತಿದ್ದಾರೆ. ಮೈಸೂರಿನಲ್ಲಿ ಎಂಜಿನಿಯರಿಂಗ್, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ, ಆಮೇಲೆ ನೇರ ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್. ಈ ಸಂಪಾದಕೀಯ ಮುಖ್ಯವಾಗಿ ಅವರಿಗಾಗಿ. ಅವರಿಗೆ ಗೊತ್ತಿರುವ ಒಂದು ವಿದ್ಯೆ ನಮ್ಮಲ್ಲಿ ಬೇರೆಯವರಿಗೆ ಅಷ್ಟಾಗಿ ಇಲ್ಲ.

ಮಳೆಗಾಲದಲ್ಲಿ ನಂಜನಗೂಡಿನ ಮನೆಗೆ ಫೋನ್ ಮಾಡಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು ಬರುವ ಮಾತು, ‘ಕಬಿನೀಲಿ ಎಷ್ಟು ಬಿಟ್ಟವ್ರೆ?’ ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ಬೀಚನಹಳ್ಳಿಯ ಜಲಾಶಯ ಬೇಗ ತುಂಬುತ್ತದೆ. ಅದರ ಹೊಟ್ಟೆಯೇ ಸಣ್ಣದು, 19.52 ಟಿಎಂಸಿ. ಬಂದದ್ದನ್ನು ಬಂದ ಹಾಗೆ ಬಿಡಬೇಕು. ಆಮೇಲೆ ಊರಿನವರು ಅಂಕಿ ನೋಡುವುದಿಲ್ಲ, ಮೆಟ್ಟಿಲು ನೋಡುತ್ತಾರೆ. ಸ್ನಾನಘಟ್ಟದಲ್ಲಿ ಎಷ್ಟು ಮೆಟ್ಟಿಲು ಉಳಿದಿದೆ, ಹದಿನಾರು ಕಾಲು ಮಂಟಪದ ಕಂಬಕ್ಕೆ ನೀರು ಎಲ್ಲಿಗೆ ಬಂತು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಇದೆಯೋ ಹೋಯಿತೋ. ನರಸೀಪುರದವರ ಲೆಕ್ಕ ಇನ್ನೂ ತೊಡಕಿನದು. ಅಲ್ಲಿ ಕಪಿಲೆಯ, ಅಂದರೆ ಕಬಿನಿಯ, ಜೊತೆ ಕಾವೇರಿಯೂ ಸೇರುವುದರಿಂದ ಕಬಿನಿಯದು ಎಷ್ಟು, ಕನ್ನಂಬಾಡಿ ಕಟ್ಟೆಯದು ಎಷ್ಟು ಎಂದು ಎರಡೂ ಕೇಳಬೇಕು. ಗುಂಜಾ ನರಸಿಂಹಸ್ವಾಮಿಯ ಊರಿನಲ್ಲಿ ಹುಟ್ಟಿದ ಮಗುವಿಗೂ ಇದು ತಿಳಿದಿರುತ್ತದೆ. ಯಾರೂ ಪುಸ್ತಕ ಅಚ್ಚು ಹಾಕಿಸಿ ಕಲಿಸಿದ್ದಲ್ಲ.

ಈಗ ನಾವಿರುವ ಎದೊಗಾವಾ ವಾರ್ಡನ್ನು ನೋಡಿ. ಪಶ್ಚಿಮಕ್ಕೆ ಅರಾಕಾವಾ ಹೊಳೆ, ಪೂರ್ವಕ್ಕೆ ಎದೊಗಾವಾ ಹೊಳೆ, ದಕ್ಷಿಣಕ್ಕೆ ಟೋಕಿಯೊ ಕೊಲ್ಲಿ. ವಾರ್ಡಿನ ನೆಲದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭರತದ ನೀರಿನ ಮಟ್ಟಕ್ಕಿಂತ ಕೆಳಗಿದೆ. ಒಡ್ಡು, ಪಂಪು ನಂಬಿಕೊಂಡು ನಿಂತಿರುವ ಊರು ಇದು. 2019ರ ಮೇ ತಿಂಗಳಲ್ಲಿ ವಾರ್ಡ್ ಕಚೇರಿ ಹೊಸ ಪ್ರವಾಹ ನಕಾಶೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿತು. ದೊಡ್ಡ ಪ್ರವಾಹ ಬಂದರೆ ಇಲ್ಲಿ ಉಳಿಯಬೇಡಿ, ವಾರ್ಡ್ ಬಿಟ್ಟು ಹೊರಗೆ ಹೋಗಿ ಎಂದು ಮುಖಪುಟದಲ್ಲೇ ಹೇಳಿತು. ಒಂದು ಸ್ಥಳೀಯ ಆಡಳಿತ ತನ್ನ ಜನಕ್ಕೆ ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದ್ದು ಜಪಾನಿನಲ್ಲೇ ದೊಡ್ಡ ಸುದ್ದಿಯಾಯಿತು. ಪಕ್ಕದ ವಾರ್ಡುಗಳೂ ಸೇರಿ ಒಟ್ಟು ಐದರಲ್ಲಿ ಸುಮಾರು 25 ಲಕ್ಷ ಜನಕ್ಕೆ ತಟ್ಟುವ ವಿಷಯ. ನಿಂತ ನೀರು ಇಳಿಯಲು ಒಂದೆರಡು ವಾರ ಬೇಕಾಗಬಹುದು ಎಂಬ ಅಂದಾಜು. ನಮ್ಮ ಎಷ್ಟು ಮನೆಗಳಲ್ಲಿ ಆ ನಕಾಶೆ ಪೀಟ್ಜಾ ಅಂಗಡಿಯ ಕರಪತ್ರಗಳ ಜೊತೆ ರದ್ದಿಗೆ ಹೋಯಿತೋ.

ಅದೇ ವರ್ಷ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಮೈಸೂರು ರಸ್ತೆ ಮುಚ್ಚಿತು. ಇಲ್ಲಿದ್ದ ನಮ್ಮವರು ರಾತ್ರಿಯೆಲ್ಲ ವಾಟ್ಸ್ಆ್ಯಪ್‌ನಲ್ಲಿ ಮಂಟಪದ ವಿಡಿಯೊ ನೋಡುತ್ತ ಕೂತರು. ಎರಡು ತಿಂಗಳು ಕಳೆದು ಅಕ್ಟೋಬರ್ 12ಕ್ಕೆ ಹಗಿಬಿಸ್ ಚಂಡಮಾರುತ ಬಂತು. ರೈಲುಗಳನ್ನು ಮೊದಲೇ ಹೇಳಿ ನಿಲ್ಲಿಸಿದರು, ಅಂಗಡಿಗಳಲ್ಲಿ ಬ್ರೆಡ್ಡು ಖಾಲಿ. ವಾರ್ಡಿನ ಪಶ್ಚಿಮ ಭಾಗದವರಿಗೆ ಜಾಗ ಖಾಲಿ ಮಾಡುವ ಸೂಚನೆ ಬಂತು, ಸುಮಾರು 35 ಸಾವಿರ ಜನ ಶಾಲೆಗಳಲ್ಲಿ ಆಶ್ರಯ ಪಡೆದರು. ಮಾರನೆಯ ಬೆಳಿಗ್ಗೆ ಇವಾಬುಚಿ ತೂಬಿನ ಬಳಿ ಅರಾಕಾವಾದ ಮಟ್ಟ 7.17 ಮೀಟರಿಗೆ ಏರಿತ್ತು. ಅಪಾಯದ ಗೆರೆ 7.70. ನಡುವೆ ಉಳಿದದ್ದು ಅರ್ಧ ಮೀಟರ್ ಚಿಲ್ಲರೆ. ಆಗಸ್ಟ್‌ನಲ್ಲಿ ಆರು ಸಾವಿರ ಕಿಲೋಮೀಟರ್ ಆಚೆಯ ಹೊಳೆಗಾಗಿ ನಿದ್ದೆಗೆಟ್ಟವರು, ಅಕ್ಟೋಬರ್‌ನಲ್ಲಿ ಮನೆ ಹಿಂದಿನ ಹೊಳೆ ಎಲ್ಲಿಗೆ ಬಂತು ಎಂದು ಕೇಳಲೇ ಇಲ್ಲ. ಈ ಸಂಚಿಕೆಯ ಸ್ವರೂಪ ಬದಲಾದದ್ದಕ್ಕೆ ಈ ಒಂದು ಸಂಗತಿಯೇ ಕಾರಣ.

ನಾವು ಭಾನುವಾರ ಮಕ್ಕಳಿಗೆ ಸೈಕಲ್ ಕಲಿಸುವ ದಂಡೆಯ ಆ ಅರಾಕಾವಾ ಹುಟ್ಟು ಹೊಳೆಯಲ್ಲ, ತೋಡಿದ ಹೊಳೆ. 1910ರಲ್ಲಿ ಟೋಕಿಯೊ ಮುಳುಗಿದ ಮೇಲೆ 22 ಕಿಲೋಮೀಟರ್ ಉದ್ದ, ಸುಮಾರು ಅರ್ಧ ಕಿಲೋಮೀಟರ್ ಅಗಲ ಅಗೆದು ನೀರಿಗೆ ಬೇರೆ ದಾರಿ ಮಾಡಿದರು. ಪನಾಮಾ ಕಾಲುವೆಯಲ್ಲಿ ದುಡಿದು ಬಂದ ಅಕಿರಾ ಅವೊಯಾಮಾ ಎಂಬ ಎಂಜಿನಿಯರ್ ಇದರ ಹಿಂದಿದ್ದವರು. 1924ರಲ್ಲಿ ಮೊದಲು ನೀರು ಹರಿಯಿತು, 1930ಕ್ಕೆ ಕೆಲಸ ಮುಗಿಯಿತು. 1924 ಅಂದರೆ ನಮ್ಮ ಹಿರಿಯರಿಗೆ ಬೇರೆಯೇ ನೆನಪು. ಆ ಜುಲೈನಲ್ಲಿ ಬಂದ ಕಾವೇರಿಯ ಮಹಾಪ್ರವಾಹವನ್ನು ಮೀರಿದ್ದು ಆ ಶತಮಾನದಲ್ಲಿ ಬರಲಿಲ್ಲ. ಅದಕ್ಕೂ ಕಾಲು ಶತಮಾನ ಮೊದಲು, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನು ಸುತ್ತಿ ನೋಡಿಕೊಂಡು ಹೋಗಿದ್ದರು. ನಮಗಿಂತ ಮೊದಲು ಬಂದ ಮೈಸೂರಿನವರು ಯಾರು ಎಂದು ಸಭೆಗಳಲ್ಲಿ ಆಗಾಗ ಜಂಬದ ಮಾತು ಬರುತ್ತದಲ್ಲ, ಅದಕ್ಕೆ ಇಲ್ಲೇ ಪೂರ್ಣವಿರಾಮ ಹಾಕಬಹುದು.

ಇನ್ನು ಮಾಡಬೇಕಾದ್ದು. ಎಚ್ಚರಿಕೆಗಳಿಗೆ ಐದು ಹಂತಗಳಿವೆ. ಮೂರನೆಯದು ವಯಸ್ಸಾದವರು, ಎಳೆ ಮಕ್ಕಳಿರುವವರು ಹೊರಡುವ ಹೊತ್ತು. ನಾಲ್ಕು ಎಂದರೆ ಅಪಾಯದ ಜಾಗದಲ್ಲಿರುವ ಎಲ್ಲರೂ ಹೊರಡಬೇಕು. ಐದಕ್ಕೆ ಕಾಯಬಾರದು, ಐದು ಅಂದರೆ ಆಗಲೇ ಹೊತ್ತು ಮೀರಿದೆ ಎಂದೇ ಅರ್ಥ. ಸೆಯ್‌ಶಿನ್‌ಚೊ, ರಿಂಕಾಯ್‌ಚೊ ಕಡೆ ಸಮುದ್ರ ತುಂಬಿಸಿ ಮಾಡಿದ ನೆಲ ಉಳಿದ ವಾರ್ಡಿಗಿಂತ ಎತ್ತರದಲ್ಲಿದೆ, ಹಾಗಾಗಿ ನಕಾಶೆಯಲ್ಲಿ ಎಲ್ಲರ ಬಣ್ಣವೂ ಒಂದೇ ಅಲ್ಲ. ನಿಮ್ಮ ಕಟ್ಟಡ ಯಾವ ಬಣ್ಣದ ಮೇಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಸಂಜೆ ಬೀದಿಯ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಬರುವ ರಾಗ ಮಕ್ಕಳನ್ನು ಮನೆಗೆ ಕರೆಯುವುದಕ್ಕೆ ಮಾತ್ರವಲ್ಲ, ವಿಪತ್ತಿನ ದಿನ ಆ ಧ್ವನಿವರ್ಧಕ ಕೆಲಸ ಮಾಡುತ್ತದೆಯೇ ಎಂದು ದಿನವೂ ನೋಡುವ ಪರೀಕ್ಷೆಯೂ ಹೌದು. ಭೂಕಂಪವಾಗಿ ಫೋನ್ ಸಿಗದೆ ಹೋದರೆ 171ಕ್ಕೆ ಕರೆ ಮಾಡಿ ಧ್ವನಿ ಸಂದೇಶ ಬಿಡಬಹುದು. ಪ್ರತಿ ತಿಂಗಳ 1 ಮತ್ತು 15ರಂದು ಇದನ್ನು ಅಭ್ಯಾಸ ಮಾಡಿ ನೋಡಲು ಬಿಡುತ್ತಾರೆ.

ಆಶ್ರಯ ಶಾಲೆಯ ಊಟದ ಬಗ್ಗೆ ನಮ್ಮ ಹೆಂಗಸರು ಕೇಳಿದ ಪ್ರಶ್ನೆ ತೀರ ಸರಿಯಾದದ್ದು: ಅಲ್ಲಿ ಸಸ್ಯಾಹಾರಿಗಳಿಗೆ ತಿನ್ನುವಂಥದ್ದು ಏನು ಸಿಗುತ್ತದೆ? ಸಿಗುವುದು ಹೆಚ್ಚಾಗಿ ಬೇಯಿಸಿ ಒಣಗಿಸಿದ ಅನ್ನದ ಪೊಟ್ಟಣ. ಬಿಸಿನೀರು ಹಾಕಿದರೆ ಕಾಲು ಗಂಟೆ, ತಣ್ಣೀರಾದರೆ ಒಂದು ಗಂಟೆ. ನಮ್ಮ ಅವಲಕ್ಕಿಯ ಅಣ್ಣ ಎನ್ನಿ. ಬಿಳಿ ಅನ್ನದ ಪೊಟ್ಟಣಕ್ಕೆ ದೋಷವಿಲ್ಲ, ಮಸಾಲೆ ಬೆರೆಸಿದ್ದರಲ್ಲಿ ಮೀನು ಮಾಂಸದ ಸಾರ ಇರಬಹುದು. ಆದ್ದರಿಂದ ತುರ್ತು ಚೀಲದಲ್ಲಿ ಟಾರ್ಚು, ನೀರಿನ ಜೊತೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇರಲಿ. ಆರು ತಿಂಗಳಿಗೊಮ್ಮೆ ತಿಂದು ಖಾಲಿ ಮಾಡಿ ಹೊಸದು ತುಂಬಿ. ಈ ಒಂದು ಕೆಲಸಕ್ಕೆ ಮನೆಯಲ್ಲಿ ಯಾರನ್ನೂ ಒತ್ತಾಯಿಸಬೇಕಾಗಿಲ್ಲ.

ಊಟದ ಮಾತು ಬಂದಾಗ ಮೀನಿನ ಸಾರದ ವಿಷಯ ಹೇಳಿಬಿಡಬೇಕು. ದಶಿ ಎಂಬ ಆ ಸಾರು ಮಿಸೊ ಸೂಪಿನಲ್ಲಿ, ನೂಡಲ್ಸ್ ರಸದಲ್ಲಿ, ಬೇಯಿಸಿದ ಪಾಲಕಿನ ಮೇಲೂ ಇರುತ್ತದೆ. ‘ಮಾಂಸ ಇಲ್ಲ ತಾನೆ?’ ಎಂದು ಕೇಳಿದರೆ ಹೋಟೆಲಿನವರು ಸತ್ಯವಾಗಿಯೇ ‘ಇಲ್ಲ’ ಅನ್ನುತ್ತಾರೆ. ದಶಿ ಇದೆಯೇ ಎಂದೇ ಕೇಳಬೇಕು. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿ ನೋಡಿ ನೆಮ್ಮದಿಯಾಗುವವರು ಇನ್ನೊಂದು ವಿಷಯ ತಿಳಿದಿರಲಿ: ಕಡ್ಡಾಯ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇತ್ಯಾದಿ ಇವೆ, ಮೀನು ಇಲ್ಲ. ಬ್ರೆಡ್ಡಿನಲ್ಲಿ ಹಂದಿ ಕೊಬ್ಬು ಇರುವುದುಂಟು.

ಊರಿನಿಂದ ತರುವುದರ ಬಗ್ಗೆ: ರಸಬಾಳೆ ತರಬೇಡಿ. ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು, ಗಿಡ ಕಡಿಮೆಯಾಗಿ ಊರಿನಲ್ಲೇ ಸಿಗುವುದು ಕಷ್ಟ, ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟದ್ದು, ಎಲ್ಲ ನಿಜ. ಆದರೆ ಪ್ರಮಾಣಪತ್ರವಿಲ್ಲದ ಹಸಿ ಹಣ್ಣು, ಕರಿಬೇವು, ವೀಳ್ಯದೆಲೆ ಯಾವುದನ್ನೂ ನರಿತಾದ ಸಸ್ಯ ತಪಾಸಣೆಯವರು ಬಿಡುವುದಿಲ್ಲ. ಕಣ್ಣೆದುರೇ ಕಸಕ್ಕೆ ಹೋಗುತ್ತದೆ. 1913ರಲ್ಲಿ ಶುರುವಾದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಇಲ್ಲದೆ ಬೆಳಗಾಗದವರು ಅದನ್ನು ಮೂಲ ಡಬ್ಬಿಯಲ್ಲೇ ತನ್ನಿ. ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಕೆಂಪು ಪುಡಿ ತಂದು ಸುಂಕದವರಿಗೆ ವಿವರಿಸುವುದು ಯಾವ ಭಾಷೆಯಲ್ಲೂ ಸುಲಭವಲ್ಲ. ವೈದ್ಯರು ಬರೆದ ಔಷಧಿ ಒಂದು ತಿಂಗಳಿಗಾಗುವಷ್ಟು ಮಾತ್ರ. ಹೆಚ್ಚು ಬೇಕಿದ್ದರೆ ಮೊದಲೇ ಅನುಮತಿ ಬೇಕು. ಅಪ್ಪ ಅಮ್ಮ ಮೂರು ತಿಂಗಳಿಗೆ ಬರುವಾಗ ಎಲ್ಲರೂ ಮರೆಯುವ ವಿಷಯ ಇದು.

ಮನೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಎಂಜಿನಿಯರುಗಳು ಬರತೊಡಗಿದಾಗ ಪರದೇಶಿಗಳಿಗೆ ಮನೆ ಕೊಡಲು ಮಾಲೀಕರು ಹಿಂದೇಟು ಹಾಕುತ್ತಿದ್ದರು. 1978ರಲ್ಲೇ ಚಹಾ ವ್ಯಾಪಾರಕ್ಕೆಂದು ಕಲ್ಕತ್ತೆಯಿಂದ ಬಂದು ನೆಲೆಸಿದ್ದ ಜಗಮೋಹನ ಚಂದ್ರಾಣಿಯವರು ಮಾಲೀಕರ ಜೊತೆ ಮಾತಾಡಿ ಮನೆ ಕೊಡಿಸಿದರು, ಊಟಕ್ಕೂ ಏರ್ಪಾಡು ಮಾಡಿದರು. ನಿಶಿಕಸಾಯ್‌ನಲ್ಲಿ ಇಂದು ಬೇಳೆ, ಸೋನಾಮಸೂರಿ ಸಿಗುವುದಕ್ಕೆ ಅವರ ಓಡಾಟವೂ ಒಂದು ಕಾರಣ. ಈಗಲೂ ಯುಆರ್ ಸಂಸ್ಥೆಯ ವಸತಿ ಸಮುಚ್ಚಯಗಳು ನಮ್ಮವರಿಗೆ ಅನುಕೂಲ. ಮಾಲೀಕರಿಗೆ ‘ಕೃತಜ್ಞತೆ’ಯ ಹಣ ಕೊಡಬೇಕಿಲ್ಲ, ಜಾಮೀನುದಾರರು ಬೇಕಿಲ್ಲ. ವಿಳಾಸ ಸಿಕ್ಕ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ನಿವಾಸ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಕೆಳಮನೆಯವರಿಗೆ ಕುಕ್ಕರಿನ ಕೂಗಿಗಿಂತ ಮಕ್ಕಳು ಓಡಾಡುವ ಸದ್ದು ಹೆಚ್ಚು ಕಿರಿಕಿರಿ. ದಪ್ಪ ಚಾಪೆ ಹಾಸಿ, ಮನೆ ಸೇರಿದ ವಾರವೇ ಒಂದು ಸಣ್ಣ ಪೊಟ್ಟಣ ಹಿಡಿದು ಹೋಗಿ ಮಾತಾಡಿಸಿ.

ಕಸದ ವಿಚಾರ ಒಳಪುಟದಲ್ಲಿ ಕೋಷ್ಟಕವಾಗಿಯೇ ಇದೆ. ಬೆಳಿಗ್ಗೆ ಎಂಟರೊಳಗೆ, ಆಯಾ ದಿನದ್ದು ಆಯಾ ದಿನ. ಹಿಂದಿನ ರಾತ್ರಿ ಇಟ್ಟು ಮಲಗಿದರೆ ಮುಂಜಾನೆ ಕಾಗೆಗಳು ಚೀಲ ಹರಿದು ನುಗ್ಗೆಕಾಯಿ ಸಿಪ್ಪೆ, ಚಹಾ ಗಸಿಯನ್ನು ರಸ್ತೆಯುದ್ದಕ್ಕೆ ಹರಡುತ್ತವೆ. ನುಗ್ಗೆಕಾಯಿ ಯಾರ ಮನೆಯದೆಂದು ಇಡೀ ಕಟ್ಟಡಕ್ಕೆ ಗೊತ್ತು. ಹಸಿರು ಬಲೆಯ ಅಂಚನ್ನು ಚೀಲದ ಕೆಳಕ್ಕೆ ಮಡಚಿ ಒತ್ತಿ ಬನ್ನಿ.

ದುಡ್ಡಿನ ಒಂದು ಮಾತು: ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬೀಳುತ್ತದೆ. ಮೊದಲ ವರ್ಷ ಅದು ಇರುವುದಿಲ್ಲವಾದ್ದರಿಂದ ಸಂಬಳ ಧಾರಾಳ ಎನ್ನಿಸಿ ಊರಿನಲ್ಲಿ ಸೈಟಿಗೆ ಮುಂಗಡ ಕೊಟ್ಟುಬಿಡುತ್ತೇವೆ. ಮುಂದಿನ ಜೂನ್‌ನಿಂದ ಕಡಿತ ಶುರು.

ಸಂಚಿಕೆಯ ಮಕ್ಕಳ ವಿಭಾಗದಲ್ಲಿ ನಂಜನಗೂಡಿನ ಪಂಚರಥದ ಚಿತ್ರಗಳು ಚೆನ್ನಾಗಿವೆ. ಒಂದರಲ್ಲಿ ಗೌತಮ ರಥದ ಹಿಂದೆ ಸ್ಕೈಟ್ರೀ ಗೋಪುರ ನಿಂತಿದೆ, ತಿದ್ದಲು ಮನಸ್ಸಾಗಲಿಲ್ಲ. ವಾರ್ಡ್ ಕಚೇರಿಯಿಂದ ತಂದ ಪ್ರವಾಹ ನಕಾಶೆಯ ಪ್ರತಿಗಳು ಸಭಾಂಗಣದ ಬಾಗಿಲಲ್ಲಿ ನೋಂದಣಿ ಮೇಜಿನ ಮೇಲಿವೆ, ಬಣ್ಣಗಳ ಅರ್ಥ ಬರೆದ ಕನ್ನಡದ ಹಾಳೆಯೊಂದನ್ನು ಅದಕ್ಕೆ ಪಿನ್ ಮಾಡಿದ್ದೇವೆ. ಊಟದ ಕೂಪನ್ ಕೊಡುವ ಮುನ್ನ ಸ್ವಯಂಸೇವಕರು ನಿಮ್ಮ ಮನೆ ಎಲ್ಲಿದೆ ಎಂದು ಆ ನಕಾಶೆಯಲ್ಲಿ ತೋರಿಸಲು ಕೇಳುತ್ತಾರೆ. ದಯವಿಟ್ಟು ಸಹಕರಿಸಿ. ಸಾಲು ಉದ್ದವಾದೀತು, ಹನ್ನೊಂದೂವರೆಗೇ ಬಂದುಬಿಡಿ.