ಬಣ್ಣಕ್ಕೆ ಹಣವಿದೆ, ವಯರಿಂಗ್‌ಗೆ ಇಲ್ಲ!

2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಝಿಲ್‌ನ ರಿಯೋ ಡಿ ಜನೈರೋದಲ್ಲಿದ್ದ ರಾಷ್ಟ್ರೀಯ ವಸ್ತು ಸಂಗ್ರಹಾಲಯ ಸುಟ್ಟು ಹೋಯಿತು. ಒಂದು ಕಾಲದಲ್ಲಿ ರಾಜಮನೆತನ ವಾಸವಿದ್ದ ಅರಮನೆಯದು. ಅಲ್ಲಿದ್ದ ಸುಮಾರು 2 ಕೋಟಿ ವಸ್ತುಗಳಲ್ಲಿ ಬಹುಪಾಲು ಬೂದಿಯಾದವು. ಇಷ್ಟು ದೊಡ್ಡ ಅನಾಹುತಕ್ಕೆ ಕಾರಣವೇನು? ಸಭಾಂಗಣದ ಒಂದು ಎ.ಸಿ. ಯಂತ್ರ! ಅಲ್ಲಿದ್ದ ಮೂರು ಎ.ಸಿ.ಗಳಿಗೆ ಪ್ರತ್ಯೇಕ ಬ್ರೇಕರ್ ಇರಲಿಲ್ಲ, ಒಂದಕ್ಕೆ ಅರ್ಥಿಂಗ್ ಇರಲಿಲ್ಲ ಎಂದು ಪೊಲೀಸ್ ತನಿಖೆ ಹೇಳಿತು. ಹತ್ತಿರದ ಹೈಡ್ರಂಟ್‌ಗಳಲ್ಲಿ ನೀರೂ ಇರಲಿಲ್ಲ. ಅಗ್ನಿಶಾಮಕ ವ್ಯವಸ್ಥೆಯೂ ಸೇರಿದಂತೆ ದುರಸ್ತಿಗೆ ಹಣ ಕೊಡುವ ಒಪ್ಪಂದ ಅದೇ ವರ್ಷದ ಜೂನ್‌ನಲ್ಲಿ ಆಗಿತ್ತು. ಹಣ ಬರುವ ಮೊದಲೇ ಬೆಂಕಿ ಬಂತು.

ಇದು ದೂರದ ಬ್ರೆಝಿಲ್‌ನ ಕತೆ ಎಂದು ನಾವು ನೆಮ್ಮದಿಯಿಂದಿರಬೇಕಾಗಿಲ್ಲ. ನಮ್ಮೂರಿನ ನೂರು ವರ್ಷದ ಶಾಲೆಯ, ಆರಾಧನಾಲಯದ ಅಥವಾ ಕಚೇರಿಯ ನವೀಕರಣದ ಎಸ್ಟಿಮೇಟ್ ತೆಗೆದು ನೋಡಿ. ಗ್ರಾನೈಟ್, ಬಣ್ಣ, ಕಮಾನು ಎಲ್ಲಕ್ಕೂ ಚದರಡಿ ಲೆಕ್ಕವಿರುತ್ತದೆ. ಕೊನೆಗೊಂದು ಸಾಲು: ಇಲೆಕ್ಟ್ರಿಕಲ್ ಮತ್ತು ಪ್ಲಂಬಿಂಗ್, ಒಟ್ಟು ಮೊತ್ತದ ಶೇಕಡಾ ಇಷ್ಟು. ಹಳೆಯ ಶಾಲೆಯೊಂದರ ಕಮಿಟಿ ಸಭೆಯಲ್ಲಿ ನಾನೂ ಇದ್ದೆ. ಹಣ ಸಾಲದೆಂದಾಗ ಮೊದಲು ಕತ್ತರಿ ಬಿದ್ದದ್ದು ಆ ಸಾಲಿಗೇ. ‘ಹಳೆ ವಯರ್ ಇನ್ನೂ ನಡೀತದಲ್ಲ?’ ಎಂದರು ಹಿರಿಯರೊಬ್ಬರು. ಯಾರೂ ಎದುರಾಡಲಿಲ್ಲ. ನಾನೂ ಸುಮ್ಮನಿದ್ದೆ.

ಹೊಸ ಕಟ್ಟಡಕ್ಕೆ ಈ ಶೇಕಡಾ ಲೆಕ್ಕ ಸರಿಯಿರಬಹುದು. ಆದರೆ ಹಳೆಯ ಕಟ್ಟಡದ ಕಲ್ಲಿನ ಗೋಡೆಯನ್ನು ಮನಬಂದಂತೆ ಕೊರೆಯುವಂತಿಲ್ಲ. ಸುಣ್ಣದ ಗಾರೆ ಕಿತ್ತರೆ ಸುಣ್ಣದಿಂದಲೇ ಮೆತ್ತಬೇಕು, ಅದನ್ನು ಬಲ್ಲ ಗಾರೆಯವನೂ ಸಿಗಬೇಕು. ಯಾವ ವಯರ್ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬ ನಕ್ಷೆ ಇರುವುದಿಲ್ಲ. ನಾಲ್ಕು ಬಲ್ಬು, ಎರಡು ಫ್ಯಾನಿಗೆಂದು ಎಳೆದ ವಯರಿಗೆ ಇಂದು ಪಂಪು, ಕಂಪ್ಯೂಟರ್, ಎ.ಸಿ. ಎಲ್ಲವನ್ನೂ ಜೋಡಿಸಲಾಗಿದೆ. ಮೇಲೆ ಒಣಗಿದ ಮರದ ಮಾಡು. ಇದನ್ನೆಲ್ಲ ಯಾವ ಶೇಕಡಾ ಹಿಡಿದಿಟ್ಟೀತು?

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಲಂಡನ್ನಿನ ಹಳೆಯ ಸಂಸತ್ ಭವನ 1834ರಲ್ಲಿ ಸುಟ್ಟದ್ದು ಕುಲುಮೆಯ ಹೊಗೆಕೊಳವೆ ಮಿತಿಮೀರಿ ಕಾದದ್ದರಿಂದ. ಅದರ ಜಾಗದಲ್ಲಿ ಎದ್ದ ಈಗಿನ ಭವನದಲ್ಲಿ 2016ರಿಂದೀಚೆಗೆ 44 ಬೆಂಕಿ ಪ್ರಕರಣಗಳಾಗಿವೆ, ತೇಪೆ ಹಚ್ಚಲು ವಾರಕ್ಕೆ ಸುಮಾರು 20 ಲಕ್ಷ ಪೌಂಡ್ ಹೋಗುತ್ತಿದೆ ಎಂದು 2023ರಲ್ಲಿ ಅಲ್ಲಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಹೇಳಿತು. ಮುಂದೂಡಿದ ಖರ್ಚು ಉಳಿತಾಯವಲ್ಲ, ಬಡ್ಡಿಯ ಸಾಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ತಪಾಸಣೆ, ಆಮೇಲೆ ಎಸ್ಟಿಮೇಟ್. ತಪಾಸಣೆಗೆಂದೇ ಹಣ ತೆಗೆದಿಡಿ. ಅಲ್ಲಲ್ಲಿ ಸೀಲಿಂಗ್ ಬಿಚ್ಚಿ ನೋಡಿ, ಇನ್ಸುಲೇಶನ್ ಪರೀಕ್ಷಿಸಿ, ಒಟ್ಟು ಲೋಡ್ ಎಷ್ಟೆಂದು ಲೆಕ್ಕ ಹಾಕಿ. ವಯರಿಂಗ್, ನೀರು, ಚರಂಡಿ, ಅಗ್ನಿ ಸುರಕ್ಷತೆ ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ ಬರೆಯಿರಿ. ಕೊರೆದದ್ದನ್ನು ಮುಚ್ಚುವ ಖರ್ಚನ್ನೂ ಸೇರಿಸಿ. ಗೋಡೆ ತೆರೆದಾಗ ಎದುರಾಗುವ ಅನಿರೀಕ್ಷಿತಗಳಿಗಾಗಿ ಒಂದು ಮೊತ್ತ ಬೇರೆಯೇ ಇರಲಿ, ಅದನ್ನು ಗ್ರಾನೈಟಿಗೆ ತಿರುಗಿಸಬೇಡಿ. ಹಣ ಸಾಲದಿದ್ದರೆ ಬಣ್ಣ ಮುಂದಿನ ವರ್ಷ ಬಳಿಯಬಹುದು.

ದಾನಿಗಳ ಹೆಸರು ಕೆತ್ತಿಸಲು ವಯರಿನ ಮೇಲೆ ಜಾಗವಿಲ್ಲ, ನಿಜ. ಆದರೆ ನಮ್ಮ ಮಕ್ಕಳು ಕೂರುವುದು ಆ ಅಮೃತಶಿಲೆಯ ಫಲಕದ ಕೆಳಗಲ್ಲ, ಆ ವಯರುಗಳ ಕೆಳಗೆ.