ಯಂತ್ರವಿಚಾರ: ವಾಲ್ವಿನ ಹದ

ಗಿಟಾರಿನ ಧ್ವನಿವರ್ಧಕಕ್ಕೆ ಹೊಸ ವಾಲ್ವುಗಳನ್ನು ತೊಡಿಸಿದೊಡನೆ ಕೆಲಸವು ಮುಗಿಯಿತೆಂದು ತಿಳಿಯತಕ್ಕದ್ದಲ್ಲ. ದಾವಣಗೆರೆ, ಹರಿಹರಗಳ ಭತ್ತದ ಗದ್ದೆಗಳಿಗೆ ಭದ್ರಾ ನಾಲೆಯ ನೀರನ್ನು ತೂಬು ಅಳೆದು ಬಿಡುವಂತೆ, ವಾಲ್ವಿನೊಳಗಣ ವಿದ್ಯುತ್ಪ್ರವಾಹವನ್ನು ಗ್ರಿಡ್ ಎಂಬ ತಂತಿಯ ಜಾಲರಿಯು ಅಂಕೆಯಲ್ಲಿಡುವುದು. ಆ ಜಾಲರಿಗೆ ಕೊಡುವ ಋಣ ವೋಲ್ಟೇಜಿಗೆ ಬಯಾಸ್ ಎಂದು ಹೆಸರು. ಋಣವು ಅತಿಯಾದರೆ ಪ್ರವಾಹವು ಸೊರಗಿ ನಾದವು ಒರಟಾಗುವುದು. ಸಾಲದೆ ಹೋದರೆ ಒಳಗಣ ತಟ್ಟೆಯು ಕೆಂಪಗೆ ಕಾದು ವಾಲ್ವು ಬೇಗನೆ ಹಾಳಾಗುವುದು.

ಲೆಕ್ಕವು ಸುಲಭವಾದುದು. ಇಎಲ್ 34 ಎಂಬ ವಾಲ್ವಿನ ತಟ್ಟೆಯು ತಾಳುವುದು 25 ವ್ಯಾಟು. ವಾದ್ಯವನ್ನು ನುಡಿಸದಿರುವಾಗ ಅದರಲ್ಲಿ ನೂರಕ್ಕೆ 70ನ್ನು, ಎಂದರೆ 17.5 ವ್ಯಾಟನ್ನು, ಮೀರಬಾರದೆಂಬುದು ಕಸಬುದಾರರ ರೂಢಿ. ತಟ್ಟೆಯಲ್ಲಿ 450 ವೋಲ್ಟಿದ್ದರೆ ಪ್ರವಾಹವು ಸುಮಾರು 39 ಮಿಲಿಆಂಪಿಯರಿಗೆ ನಿಲ್ಲಬೇಕು.

ಆದರೆ ವಾಚಕರು ಒಂದು ಮಾತನ್ನು ಮರೆಯಬಾರದು. ಈ ವೋಲ್ಟೇಜು ಪ್ರಾಣಾಪಹಾರಿ. ಪ್ಲಗ್ಗನ್ನು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಆದುದರಿಂದ ಪೆಟ್ಟಿಗೆಯೊಳಗೆ ತಾವೇ ಕೈಯಿಡದೆ, ಮಕ್ಕಳನ್ನು ದೂರವಿರಿಸಿ, ಬಲ್ಲವರಿಂದಲೇ ಹದಗೊಳಿಸುವುದು ಲೇಸು. ಮನೆಯವರು ಲೆಕ್ಕವನ್ನು ಮಾತ್ರ ಅರಿತಿರಲಿ. ಕೂಲಿ ಕೊಟ್ಟ ಕೆಲಸವು ನೆಟ್ಟಗಾಯಿತೇ ಎಂದು ವಿಚಾರಿಸಲು ಅಷ್ಟು ಸಾಕು.