ಊರ ನಡುವಿನ ವಾರ್ಡು ಮತ್ತು ಇಪ್ಪತ್ತು ಜನ

ಮಲಪ್ರಭೆಯ ದಡದಲ್ಲಿರುವ ಹೊಳೆಆಲೂರು ರೋಣ ತಾಲೂಕಿನ ದೊಡ್ಡ ಊರುಗಳಲ್ಲೊಂದು. ಗದಗ–ಹೋಟಗಿ ರೇಲ್ವೆಯ ಸ್ಟೇಶನ್ನು ಇಲ್ಲಿರುವುದರಿಂದ ಸುತ್ತಲಿನ ಹಳ್ಳಿಗಳ ಜನರು ಕಾಳುಕಡಿ ಮಾರಲಿಕ್ಕೂ ರೇಲು ಹತ್ತಲಿಕ್ಕೂ ಇಲ್ಲಿಗೆ ಬರುವರು. ಬಂದವರು ತುಳಿಯುವುದು ಊರ ನಡುವಿನ ಪೇಟೆಯನ್ನು. ಸಂಜೆಗೆ ಅವರೆಲ್ಲ ಮರಳಿ ಹೋದ ಮೇಲೆ ಕಸವೂ ಕೆಸರೂ ಉಳಿಯುವುದು ಅಲ್ಲಿಯ ನಿವಾಸಿಗಳ ಪಾಲಿಗೆ. ಆ ಪೇಟೆಯ ಗಟಾರ, ದೀಪ, ಕುಡಿಯುವ ನೀರುಗಳ ಹೊಣೆಯು ಗ್ರಾಮ ಪಂಚಾಯತಿಯದು. ಪಂಚಾಯತಿಯಲ್ಲಿ ಅದರ ಪರವಾಗಿ ನುಡಿಯತಕ್ಕವರು ಆ ವಾರ್ಡಿನ ಸಭಾಸದರು. ಸೀಮೆಯ ಭಾರವನ್ನು ಹೊರುವ ವಾರ್ಡಿನ ಪ್ರಾತಿನಿಧ್ಯವು ಎಷ್ಟು ಜಾಗರೂಕವಾಗಿದ್ದರೂ ಸಾಲದು.

ಆದರೆ ಇಂಥ ಪೇಟೆಗಳ ಕಟ್ಟೆಗಳ ಮೇಲೆ ಎಲ್ಲೆಲ್ಲಿಯೂ ಕೇಳಿಬರುವ ಮಾತು ಒಂದೇ: ‘ಓಟು ಕೊಟ್ಟಾಯಿತು, ಇನ್ನು ಮೆಂಬರರು ನೋಡಿಕೊಳ್ಳಲಿ.’ ಈ ಮಾತು ಕೇಳಲಿಕ್ಕೆ ನ್ಯಾಯವಾಗಿ ತೋರಿದರೂ ಬುಡದಲ್ಲಿಯೇ ಹುಳುಕಾದುದು. ಹೊಲವನ್ನು ಲಾವಣಿಗೆ ಹಾಕಿದ ಒಡೆಯನು ಸಹ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಶಿಯನ್ನು ನೋಡಿ ಬರುವನು. ಓಟು ಕೊಟ್ಟವನು ಐದು ವರ್ಷ ಕಣದತ್ತ ಮುಖವನ್ನೇ ಹಾಕದಿದ್ದರೆ, ರಾಶಿ ಎಲ್ಲಿಗೆ ಹೋಯಿತೆಂದು ಆಮೇಲೆ ಯಾರನ್ನು ಕೇಳತಕ್ಕದ್ದು?

ಈ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಸ್ಥಾನಿಕ ಸ್ವರಾಜ್ಯವೆಂಬುದು ಹೆಸರಿಗೆ ಇತ್ತು. 1882ರಲ್ಲಿ ರಿಪ್ಪನ್ ಸಾಹೇಬರ ನಿರ್ಣಯವು ಹೊರಟಿತು; ಲೋಕಲ್ ಬೋರ್ಡುಗಳೂ ನಡೆದವು. ಆದರೆ ಆಸ್ತಿ ತೆರಿಗೆಗಳಿದ್ದವರಿಗೆ ಮಾತ್ರ ಓಟಿನ ಹಕ್ಕು. ಬಡವನಿಗೆ ಬಾಗಿಲು ಮುಚ್ಚಿತ್ತು. ಆಗಿನವರು ಸಭೆಗೆ ಹೋಗಲಿಲ್ಲವೆಂದರೆ ಕ್ಷಮೆಯುಂಟು. ಈಗಿನವರಿಗೆ ಯಾವ ಕ್ಷಮೆ? ಕರ್ನಾಟಕದ 1993ರ ಪಂಚಾಯತಿ ಕಾಯದೆಯು ಪ್ರತಿ 400 ಜನಸಂಖ್ಯೆಗೆ ಒಬ್ಬ ಸಭಾಸದನನ್ನು ಕೊಟ್ಟಿತು. ಸ್ತ್ರೀಯರಿಗೆ ಅರ್ಧದಷ್ಟು ಸ್ಥಾನಗಳೂ ಮುಂದೆ ದೊರೆತವು. ಇದಕ್ಕೂ ಮಿಗಿಲಾದುದು ವಾರ್ಡುಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಇಲ್ಲವೆ 20 ಜನ, ಯಾವುದು ಕಡಮೆಯೋ ಅಷ್ಟು ಮಂದಿ ಬಂದರೆ ಸಭೆಯು ಊರ್ಜಿತ. ಪೇಟೆಯ ಒಂದು ಚಹದಂಗಡಿಯಲ್ಲಿ ಮುಂಜಾನೆ ಕೂಡುವವರೇ ಅದಕ್ಕಿಂತ ಹೆಚ್ಚಾಗಬಹುದು!

‘ಸಭೆಯಿಂದಾಗುವುದೇನು, ಸಹಿಯಷ್ಟೇ’ ಎಂದು ಕೆಲವರ ಆಕ್ಷೇಪ. ಜನರು ಬಾರದ ಸಭೆಯಲ್ಲಿ ಸಹಿಯಲ್ಲದೆ ಬೇರೇನು ನಡೆದೀತು? ಮನೆಮನೆಗೆ ಪುಸ್ತಕ ಕಳಿಸಿ ಸಹಿ ತರಿಸುವ ಸಭಾಸದನು ತಪ್ಪಿತಸ್ಥನು, ಅಹುದು. ಓದದೆ ಸಹಿ ಹಾಕುವ ಮತದಾರನು ಆ ತಪ್ಪಿನ ಪಾಲುಗಾರನು. ಒಂದೇ ವಾರ್ಡಿನಿಂದ ಇಬ್ಬರು ಮೂವರು ಆರಿಸಿ ಬರುವಲ್ಲಿ ಒಬ್ಬನು ಮತ್ತೊಬ್ಬನ ಮೇಲೆ ಹಾಕಿ ಜಾರಿಕೊಳ್ಳುವುದು ಸುಲಭ. ಮೂವರನ್ನೂ ಒಂದೆಡೆ ನಿಲ್ಲಿಸಿ ಕೇಳುವ ಸ್ಥಳವು ವಾರ್ಡುಸಭೆಯಲ್ಲದೆ ಬೇರೆಯಿಲ್ಲ.

2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯು ಈ ದಂಡೆಯನ್ನು ಮುಳುಗಿಸಿದಳು. ಅಂಥ ಸಮಯದಲ್ಲಿ ಬಿದ್ದ ಮನೆ ಯಾರದು, ನಿಂತ ಮನೆ ಯಾರದು ಎಂಬುದನ್ನು ಓಣಿಯ ನೆರೆಹೊರೆಯವರಿಗಿಂತ ಚೆನ್ನಾಗಿ ಯಾವ ಕಚೇರಿಯು ಬಲ್ಲದು? ಆ ನೆರೆಹೊರೆಯವರು ಬಾಯಿ ತೆರೆಯದಿದ್ದರೆ ಯಾದಿಯಲ್ಲಿ ವಿಧವೆಯ ಹೆಸರು ಬಿಟ್ಟುಹೋಗಿ ಬಲ್ಲಿದನ ಹೆಸರು ಸೇರುವುದು ಸಹಜ.

ಸರಕಾರದವರೂ ನಿರ್ದೋಷಿಗಳಲ್ಲ. 2016ರಲ್ಲಿ ಆರಿಸಿದ ತಾಲೂಕು, ಜಿಲ್ಲಾ ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿದರೂ ಮುಂದೆ ಮೂರು ವರ್ಷಗಳಾಚೆಗೂ ಚುನಾವಣೆಯನ್ನು ನಡೆಸಲಿಲ್ಲ. ಮೇಲಿನ ಮಾಳಿಗೆಗಳು ಬರಿದಾದಾಗ ಕೆಳಗಿನವರು ಮನೆಯನ್ನು ಇನ್ನಷ್ಟು ಎಚ್ಚರದಿಂದ ಕಾಯಬೇಕಾಗಿತ್ತು. ಜನರೇ ಮಲಗಿದರೆ ಚುನಾವಣೆ ಬೇಕೆಂದು ಕೇಳುವವರಾರು?

ಆದುದರಿಂದ ಹೊಳೆಆಲೂರಿನ ಪೇಟೆಯವರು ಒಂದು ಸಂಜೆ ಅಂಗಡಿಯ ಬಾಗಿಲನ್ನು ತುಸು ಬೇಗ ಹಾಕಿ ಸಭೆಗೆ ನಡೆಯಲಿ. ಗಟಾರದ ಲೆಕ್ಕವನ್ನು ಕೇಳಲಿ. ಯಾದಿಯನ್ನು ಗಟ್ಟಿಯಾಗಿ ಓದಿಸಲಿ. ಇಪ್ಪತ್ತು ಜನ ಕೂಡದ ವಾರ್ಡಿಗೆ ಸಭಾಸದರು ಇದ್ದಾರು, ಪ್ರತಿನಿಧಿಗಳು ಇರಲಾರರು.